ಮುನಿಲಕ್ಷ್ಮಮ್ಮನ ಹುಣಸೆ

ಮುನಿಲಕ್ಷ್ಮಮ್ಮ ಗಿಡವನ್ನು ಮುಟ್ಟಲಿಲ್ಲ. ನಿದ್ದೆ ಹೋದ ಮಗುವಿನ ತಲೆ ಸವರುವವರಂತೆ ಎಲೆಗಳ ಮೇಲೆ ಗಾಳಿಯಲ್ಲೇ ಕೈಯಾಡಿಸಿ, ಆ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

“ಇದೇ ಮೇಡಂ. ನನ್ ಹುಣಸೇನೇ ಇದು.”

ಲಾಲ್‌ಬಾಗಿನಲ್ಲಿ ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ಕಡೆಯ ದಿನ. ಗಾಜಿನ ಮನೆಯ ಕಡೆಗೆ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಸಾಗುತ್ತಿದ್ದರು. ಅದರ ಮಗ್ಗುಲಿನ ಶಾಮಿಯಾನದಲ್ಲಿ ಮಾತ್ರ ಒಂದಿಷ್ಟು ತಂಪು, ಒಂದಿಷ್ಟು ಮೌನ. ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಬೋನ್ಸಾಯ್ ಗಿಡಗಳು ಸಾಲಾಗಿ ಕುಳಿತಿದ್ದವು. ನಡುವಿನ ಮೇಜಿನ ಮೇಲೆ, ನೀಲಿ ಹೊಳಪಿನ ತಟ್ಟೆಯಂಥ ಕುಂಡದಲ್ಲಿ, ಈ ಹುಣಸೆ. ಮುಂಗೈ ದಪ್ಪದ ಕಾಂಡ, ಕರು ಮಂಡಿಯೂರಿ ಏಳುವಾಗ ಕಾಲು ಮಡಿಸುತ್ತದಲ್ಲ, ಹಾಗೆ ಬಾಗಿ ಮೇಲೆದ್ದಿತ್ತು. ಮುಂದಿನ ಫಲಕದಲ್ಲಿ, ಬೆಳೆಸಿದವರು ಬಸವೇಶ್ವರನಗರದ ಮುರಳೀಕೃಷ್ಣ ಎಂದಿತ್ತು.

ರಾಜೇಶ್ವರಿ ಫಲಕವನ್ನು ಇನ್ನೊಮ್ಮೆ ಓದಿದಳು. ಜೂನ್‌ನಲ್ಲಿ ಮುನಿಲಕ್ಷ್ಮಮ್ಮ ಮದುವೆಗೆಂದು ಹೋಗಿದ್ದಾಗ ಶ್ರೀಗಂಧದ ಕಾವಲು ಬಡಾವಣೆಯ ಅವರ ಮನೆಯ ಮಹಡಿಯಿಂದ, ಬೀಗವೊಂದೂ ಮುರಿಯದೆ ಮಾಯವಾದ ಗಿಡವನ್ನು ಅವಳು ಹುಡುಕುತ್ತ ಬಂದದ್ದು ಇಲ್ಲಿಯವರೆಗೆ. ವಿಮಾ ಕಂಪನಿಯಲ್ಲಿ ವರ್ಷಗಟ್ಟಲೆ ಕ್ಲೇಮುಗಳ ಸತ್ಯಾಸತ್ಯ ನೋಡಿ, ಆಮೇಲೆ ವಿಜಯನಗರದಲ್ಲಿ ಟೈಲರ್ ಅಂಗಡಿಯ ಮೇಲೆ ಪತ್ತೇದಾರಿಕೆಯ ಕಚೇರಿ ತೆರೆದವಳು ಅವಳು. ಕಳೆದುಹೋದ ಒಡವೆ ಹುಡುಕಿದ್ದಳು, ಗಂಡಂದಿರನ್ನು ಹುಡುಕಿದ್ದಳು. ಗಿಡ ಇದೇ ಮೊದಲು.

ಮೊದಮೊದಲು ಅವಳಿಗೇ ನಗು ಬಂದಿತ್ತು. ಒಂದು ಗಿಡಕ್ಕಾಗಿ ಹೆಂಗಸೊಬ್ಬರು ಊಟ ಬಿಡುತ್ತಾರೆಯೇ ಎಂದು. ಮುನಿಲಕ್ಷ್ಮಮ್ಮ ನಿಜಕ್ಕೂ ಬಿಟ್ಟಿದ್ದರು. ಲೇಔಟಿನ ತುಂಬ ಬಾಡಿಗೆ ಮನೆಗಳಿರುವ, ಊರಿನವರೆಲ್ಲ ಎದ್ದು ನಿಂತು ಮಾತಾಡಿಸುವ ಹೆಂಗಸು, ಎರಡು ತಿಂಗಳಲ್ಲಿ ಅರ್ಧಕ್ಕಿಳಿದಿದ್ದರು.

ಇವತ್ತು ತಪ್ಪಿದರೆ ಗಿಡ ಮತ್ತೆ ಸಿಗುವಂತಿರಲಿಲ್ಲ. ಸಂಜೆ ಪ್ರದರ್ಶನ ಮುಗಿದೊಡನೆ ಅದು ಹೈದರಾಬಾದಿನ ಸಂಗ್ರಾಹಕರೊಬ್ಬರ ತೋಟಕ್ಕೆ ಹೊರಡಲಿದೆ ಎಂದು ಮುರಳೀಕೃಷ್ಣನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಅವನು ಅಲ್ಲೇ ಇದ್ದ. ಹಾಲುಬಣ್ಣದ ಜುಬ್ಬಾ, ಒಪ್ಪವಾಗಿ ಬಾಚಿದ ನರೆಗೂದಲು, ಯಾರನ್ನೂ ನೋಯಿಸದ ನಗು. ಭಾನುವಾರಗಳಂದು ಬಸವೇಶ್ವರನಗರದಲ್ಲಿ ಅವನು ನಡೆಸುವ ಬೋನ್ಸಾಯ್ ತರಗತಿಗೆ ಮುನಿಲಕ್ಷ್ಮಮ್ಮನೂ ಕೆಲವು ತಿಂಗಳು ಹೋಗಿದ್ದರು. ತಮ್ಮ ಹುಣಸೆಯನ್ನು ಒಮ್ಮೆ ಅಲ್ಲಿಗೆ ಒಯ್ದೂ ಇದ್ದರು. ಈಗ ಅವನು ಅವರ ಅಳಲನ್ನು ತಲೆದೂಗಿ ಕೇಳಿಸಿಕೊಂಡ. ಪ್ರೀತಿಯಿಂದ ಬೆಳೆಸಿದ್ದು ಕಳೆದುಹೋದರೆ ಯಾರಿಗಾದರೂ ಹೀಗೆಯೇ ಆಗುತ್ತದೆ ಎಂದ. ಎಲ್ಲ ಹುಣಸೆಯೂ ತಮ್ಮದರಂತೆಯೇ ಕಾಣುತ್ತದೆ ಎಂದ. ಜೊತೆಗೆ ಬಂದಿದ್ದ ಮುನಿಲಕ್ಷ್ಮಮ್ಮನ ಸೊಸೆ ಸ್ಮೃತಿ ಫೋನಿನಲ್ಲಿದ್ದ ಹಳೆಯ ಫೋಟೋ ತೋರಿಸಿದಳು. ಅದರಲ್ಲಿ ಕಾಣುತ್ತಿದ್ದದ್ದು ಪೊದೆಯಂತೆ ಹಬ್ಬಿದ ಎಲೆಗಳ ಗುಂಪು ಮಾತ್ರ. ಮೇಜಿನ ಮೇಲಿದ್ದ ಗಿಡದ ಕೊಂಬೆಗಳನ್ನು ಒಂದೊಂದಾಗಿ ಕತ್ತರಿಸಿ ಹೊಸ ರೂಪ ಕೊಡಲಾಗಿತ್ತು.

“ಒಂದೇ ಒಂದು ಗುರುತು ಹೇಳಿ ಮುನಿಲಕ್ಷ್ಮಮ್ಮನವ್ರೇ. ಈಗ್ಲೇ ಎತ್ಕೊಂಡು ಹೋಗಿ, ನಾನು ಬೇಡ ಅನ್ನಲ್ಲ,” ಎಂದ ಮುರಳೀಕೃಷ್ಣ.

“ಗುರುತು ಏನೂ ಇಲ್ಲ,” ಎಂದರು ಅವರು.

ಆ ಉತ್ತರ ಬಂದ ವೇಗ ರಾಜೇಶ್ವರಿಯ ಕಿವಿಗೆ ಚುಚ್ಚಿತು. ವಸ್ತು ಕಳಕೊಂಡವರು ಇಲ್ಲದ ಗುರುತನ್ನೂ ಹುಟ್ಟಿಸಿ ಹೇಳುವುದನ್ನು ಅವಳು ಸಾಕಷ್ಟು ನೋಡಿದ್ದಳು. ಮದುವೆಯ ಬಳೆಯ ಮೇಲೆ ಗೀರಿತ್ತು, ಸರದ ಕೊಂಡಿ ಸಡಿಲವಿತ್ತು, ಹೀಗೆ. ಕೇಳಿ ಮುಗಿಸುವ ಮೊದಲೇ ಏನೂ ಇಲ್ಲ ಎಂದುಬಿಡುವವರ ಬಳಿ ಏನೋ ಇರುತ್ತದೆ.

ಮೇಲಾಗಿ, ಆ ಮಾತು ಹೇಳುವಾಗ ಮುನಿಲಕ್ಷ್ಮಮ್ಮನ ಕಣ್ಣು ಕಾಂಡದ ಬಾಗಿನ ಒಳಮಗ್ಗುಲಿಗೆ ಹೋಗಿ ಬಂದಿತ್ತು.

ಗಿಡದ ಮೇಲೆ ಕಣ್ಣಿಟ್ಟಿರಲು ಸ್ಮೃತಿಗೆ ಹೇಳಿ, ರಾಜೇಶ್ವರಿ ಮುನಿಲಕ್ಷ್ಮಮ್ಮನನ್ನು ಹೊರಗೆ ಕರೆದುಕೊಂಡು ಹೋದಳು.

ಕೆರೆಯ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಹಳೆಯ ಬೂರುಗದ ಮರ. ಅದರ ಬೇರುಗಳು ಆಳೆತ್ತರದ ಗೋಡೆಗಳಂತೆ ನೆಲದಿಂದ ಎದ್ದಿದ್ದವು. ಹತ್ತಿರದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕುಳಿತರು. ಎದುರಿಗೆ ಯಾರೋ ದಂಪತಿ ಮರವನ್ನು ಪೂರ್ತಿ ಫೋಟೋದಲ್ಲಿ ಹಿಡಿಯಲು ಹಿಂದೆ ಹಿಂದೆ ಸರಿಯುತ್ತಿದ್ದರು.

ರಾಜೇಶ್ವರಿ ಪ್ರಶ್ನೆ ಕೇಳಲಿಲ್ಲ. ಹೆಂಗಸರ ಬಳಿ ಪ್ರಶ್ನೆಗಿಂತ ಪಕ್ಕದಲ್ಲಿ ಕೂರುವುದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಕಚೇರಿ ಅವಳಿಗೆ ಕಲಿಸಿದ್ದಲ್ಲ, ಬದುಕು ಕಲಿಸಿದ್ದು. ಅವಳು ಸುಮ್ಮನೆ, ಆ ಕಾಂಡದ ಬಾಗಿನ ಒಳಗಡೆ ಏನಿದೆಯೋ ಹೇಳಿ, ಅದು ನನ್ನಲ್ಲೇ ಉಳಿಯುತ್ತದೆ ಎಂದಳು.

ಮುನಿಲಕ್ಷ್ಮಮ್ಮ ಕೆರೆಯ ಕಡೆ ಮುಖ ಮಾಡಿ ಹೇಳತೊಡಗಿದರು.

ಅವರ ಹೊಲದ ಬದುವಿನಲ್ಲಿ ದೊಡ್ಡದೊಂದು ಹುಣಸೆ ಇತ್ತು. ಲೇಔಟ್ ಆಗುವಾಗ ಅದನ್ನು ಉರುಳಿಸಿದರು. ಬಿದ್ದ ಮರದ ಒಂದು ಹಣ್ಣಿನ ಬೀಜವನ್ನು, ಹೊಸದಾಗಿ ಮದುವೆಯಾಗಿ ಬಂದಿದ್ದ ಇವರು ಒಡೆದ ಬಾನಿಯಲ್ಲಿ ಊರಿದರು. ಬೋನ್ಸಾಯ್ ಎಂಬ ಹೆಸರೇ ಆಗ ಯಾರಿಗೂ ಗೊತ್ತಿರಲಿಲ್ಲ. ಚಿಗುರು ಬಂದಾಗಲೆಲ್ಲ ಬೇಳೆಸಾರಿಗೆಂದು ಚಿವುಟುತ್ತಿದ್ದರು. ಚಿವುಟಿ ಚಿವುಟಿಯೇ ಅದು ಕುಳ್ಳಗೆ ಉಳಿಯಿತು, ಕಾಂಡ ದಪ್ಪವಾಯಿತು.

ಅತ್ತೆ ಪಾಪಮ್ಮನಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮನೆಯಲ್ಲಿ ಹುಣಸೆ ಇದ್ದರೆ ದೆವ್ವ ಬಂದು ಕೂರುತ್ತದೆ ಎನ್ನುತ್ತಿದ್ದರು. ಇವರು ನಕ್ಕು ಸುಮ್ಮನಾಗುತ್ತಿದ್ದರು. ಮೊದಲನೆಯ ಮಗು ಏಳನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಹೋಗುವವರೆಗೆ.

“ಆಸ್ಪತ್ರೆಯಿಂದ ಬಂದು ಇನ್ನೂ ಚಾಪೆ ಮೇಲೆ ಮಲ್ಗಿದ್ದೆ. ಅತ್ತೆ ಬಂದು ಮೊಳೆ, ಸುತ್ತಿಗೆ ತಂದು ಪಕ್ಕದಲ್ಲಿಟ್ರು. ‘ಕಿತ್ತೆಸಿ, ಇಲ್ಲಾಂದ್ರೆ ಮೊಳೆ ಹೊಡ್ದು ಅದನ್ನ ಕಟ್ಟಾಕು’ ಅಂದ್ರು.”

ಹುಣಸೆಮರಕ್ಕೆ ಮೊಳೆ ಹೊಡೆದು ದೆವ್ವ ಕಟ್ಟುವುದು ರಾಜೇಶ್ವರಿಗೆ ಹೊಸದಲ್ಲ. ಹಳೆಯ ಊರುಗಳ ಅಂಚಿನ ಮರಗಳಲ್ಲಿ ತುಕ್ಕು ಹಿಡಿದ ಮೊಳೆಗಳ ಸಾಲನ್ನು ಅವಳು ಕಂಡಿದ್ದಳು. ಕುಂಡದ ಗಿಡಕ್ಕೆ, ಅದೂ ಬಾಣಂತಿಯಾಗಬೇಕಿದ್ದವಳ ಕೈಯಿಂದಲೇ ಹೊಡೆಸಿದ್ದನ್ನು ಕೇಳಿದ್ದು ಮಾತ್ರ ಇದೇ ಮೊದಲು.

“ಹೊಡೆದ್ರಾ?”

“ಹೊಡ್ದೆ. ದೆವ್ವ ನಾನು ನಂಬ್ಲಿಲ್ಲ ಮೇಡಂ, ಆಗ್ಲೂ ನಂಬ್ಲಿಲ್ಲ. ಮೊಳೆ ಹೊಡ್ದ್ರೆ ಗಿಡ ಉಳಿಸ್ತಾರಲ್ಲಾ ಅಂತ ಹೊಡ್ದೆ.”

ಮುಂದೆ ಮಗ ಹುಟ್ಟಿದ. ಪಾಪಮ್ಮ ಅದನ್ನೆಲ್ಲ ಮೊಳೆಯ ಲೆಕ್ಕಕ್ಕೆ ಬರೆದರು, ಊರಿಗೆಲ್ಲ ಹೇಳಬೇಡ ಎಂದು ಬಾಯಿ ಕಟ್ಟಿದರು, ಕೊನೆಗೆ ತೀರಿಯೂ ಹೋದರು. ತೊಗಟೆ ಬೆಳೆದು ಮೊಳೆಯ ತಲೆಯನ್ನು ನುಂಗಿಬಿಟ್ಟಿತು. ಈಗ ನೋಡಿದರೆ ಸೊಸೆ ಸ್ಮೃತಿ, ಅನ್ನಪೂರ್ಣೇಶ್ವರಿ ನಗರದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ತರಗತಿಯಲ್ಲಿ ಮುರಳೀಕೃಷ್ಣ ಒಮ್ಮೆ, ಮರಕ್ಕೆ ಮೊಳೆ ಬಡಿಯುವ ಮೂಢರ ಬಗ್ಗೆ ತಮಾಷೆ ಮಾಡಿದಾಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ತಾನೇ ಎಂದರು ಮುನಿಲಕ್ಷ್ಮಮ್ಮ. ಗುರುತು ಹೇಳಿದರೆ ಆ ಚಾಪೆಯಿಂದ ಹಿಡಿದು ಎಲ್ಲವನ್ನೂ ಹೇಳಬೇಕಾಗುತ್ತದೆ.

ಕದ್ದವರು ಅಡಗಿಸಿಡುವುದು ಸರಿ. ಕಳಕೊಂಡವರೂ ಹೀಗೆ, ತಮಗೆ ಆದದ್ದನ್ನು ತಾವೇ ಕದ್ದ ಮಾಲಿನಂತೆ ಒಳಗೆಲ್ಲೋ ಬಚ್ಚಿಟ್ಟುಕೊಂಡು ಬದುಕುತ್ತಾರಲ್ಲ. ಹೊತ್ತು ತಿರುಗುವ ಭಾರ ಯಾವುದೆಂದು ಗಂಡನಿಗೂ ತಿಳಿಯುವುದಿಲ್ಲ.

ಆದರೆ ಆ ದುಃಖದ ಅಡಿಯಲ್ಲೇ ರಾಜೇಶ್ವರಿಯ ತಲೆ ಬೇರೊಂದು ಲೆಕ್ಕ ಹಾಕತೊಡಗಿತ್ತು.

“ಮೊಳೆ ಕಬ್ಬಿಣದ್ದು ತಾನೇ?”

“ಇನ್ನೇನು, ಚಿನ್ನದ್ದು ಹೊಡೀತಾರಾ?” ಎಂದರು ಮುನಿಲಕ್ಷ್ಮಮ್ಮ. ಎರಡು ತಿಂಗಳಲ್ಲಿ ಮೊದಲ ಬಾರಿ ಅವರ ತುಟಿಯಂಚು ಅಲುಗಿತು.

“ಹಾಗಾದ್ರೆ ಏಳಿ. ಗಿಡ ಮನೆಗೆ ಕರ್ಕೊಂಡು ಹೋಗೋಣ.”

ಅವರು ಹಿಂದಿರುಗುವಷ್ಟರಲ್ಲಿ ತೀರ್ಪುಗಾರರು ಬಂದಿದ್ದರು. ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ ಚನ್ನವೀರೇಶ್, ತೆಳ್ಳನೆಯ ಮನುಷ್ಯ, ಗಿಡಗಳನ್ನು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಹುಣಸೆಯ ಸುತ್ತ ಜನ ನೆರೆದಿದ್ದರು. ಸ್ಮೃತಿ ಮೇಜಿನ ತುದಿಯಲ್ಲಿ, ಬಟ್ಟೆಯಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಮುರಳೀಕೃಷ್ಣ ಗಿಡದ ಇತಿಹಾಸ ಹೇಳುತ್ತಿದ್ದ. ಬೀಜ ಬಿತ್ತಿದ್ದು ತಾನೇ, ನೀರುಣಿಸಿದ್ದು ತಾನೇ, ಅಷ್ಟು ವರ್ಷಗಳಲ್ಲಿ ಬೇರೆಯವರ ಕೈ ಸೋಕಗೊಟ್ಟಿಲ್ಲ.

ರಾಜೇಶ್ವರಿ ಮುಂದೆ ಸರಿದು, ಪ್ರದರ್ಶನ ನೋಡಲು ಬಂದ ಗೃಹಿಣಿಯ ಧ್ವನಿಯಲ್ಲಿ, ಕಾಂಡ ಇಷ್ಟು ಚೆನ್ನಾಗಿ ಬಾಗಬೇಕಾದರೆ ಕಬ್ಬಿಣದ ತಂತಿಯನ್ನೇ ಸುತ್ತಿರಬೇಕಲ್ಲವೇ ಎಂದು ಕೇಳಿದಳು.

ಮುರಳೀಕೃಷ್ಣ ಕರುಣೆಯಿಂದ ನಕ್ಕ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಗಿಡವನ್ನು ಕೆಡಿಸುತ್ತದೆ, ಬೋನ್ಸಾಯ್ ಕಲಿತವರು ಬಳಸುವುದು ಅಲ್ಯೂಮಿನಿಯಂ, ಇಲ್ಲವೇ ತಾಮ್ರ ಎಂದು ವಿವರಿಸಿದ.

“ಹಾಗಾದ್ರೆ ಈ ಗಿಡದೊಳಗೆ ಕಬ್ಬಿಣ ಇಲ್ವೇ ಇಲ್ಲ?”

“ಬೀಜ ಹಾಕಿದ್ ದಿನದಿಂದ ಇವತ್ತಿನವರೆಗೆ ಒಂದ್ ಗುಂಡುಸೂಜಿ ಕೂಡ ತಾಗಿಲ್ಲ ಮೇಡಂ. ಬರ್ಕೊಳಿ ಬೇಕಾದ್ರೆ.”

“ಬರ್ಕೊಳೋದು ಬೇಡ. ಸಾರ್ ಕೇಳಿಸ್ಕೊಂಡ್ರಲ್ಲ, ಸಾಕು,” ಎಂದು ರಾಜೇಶ್ವರಿ ಚನ್ನವೀರೇಶರ ಕಡೆ ತಿರುಗಿದಳು. ಗೃಹಿಣಿಯ ಧ್ವನಿ ಹೋಗಿತ್ತು. ತಾನು ಯಾರು, ಯಾರ ಪರವಾಗಿ ಬಂದಿದ್ದೇನೆ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿ, ಈ ಗಿಡದೊಳಗೆ ಕಣ್ಣಿಗೆ ಕಾಣದ ಒಂದು ಕಬ್ಬಿಣದ ಮೊಳೆ ಇದೆ, ಅದು ಎಲ್ಲಿದೆ ಎಂಬುದು ನಿಜವಾದ ಒಡತಿಗೆ ಮಾತ್ರ ಗೊತ್ತು ಎಂದಳು.

ಜನ ಇನ್ನಷ್ಟು ಒತ್ತಿ ಬಂದರು. ಮುರಳೀಕೃಷ್ಣನ ನಗು ಹೋಗಲಿಲ್ಲ, ಆದರೆ ಅದರ ಹಿಂದಿನ ಮುಖ ಬದಲಾಗಿತ್ತು.

ಚನ್ನವೀರೇಶ್ ಕನ್ನಡಕ ಸರಿಪಡಿಸಿಕೊಂಡರು. ತಾಯಿಯವರು ಆ ಜಾಗವನ್ನು ತಮ್ಮ ಕಿವಿಯಲ್ಲಿ ಹೇಳಿದರೆ ಸಾಕು, ಎಲ್ಲರೆದುರು ಹೇಳಬೇಕಾಗಿಲ್ಲ ಎಂದರು. ರಾಜೇಶ್ವರಿಗೂ ಅದೇ ಬೇಕಾಗಿತ್ತು. ಬೂರುಗದ ನೆರಳಲ್ಲಿ ಕೇಳಿದ್ದು ಅಲ್ಲೇ ಉಳಿಯಲಿ ಎಂದು ಅವಳ ಆಸೆ.

ಮುನಿಲಕ್ಷ್ಮಮ್ಮ ತೀರ್ಪುಗಾರರ ಬಳಿಗೆ ಎರಡು ಹೆಜ್ಜೆ ಹೋದರು. ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

“ಕಿವಿಯಲ್ಲಿ ಯಾಕೆ ಹೇಳ್ಲಿ?” ಎಂದರು. ಧ್ವನಿ ಶಾಮಿಯಾನದ ಆ ತುದಿಯವರೆಗೂ ಹೋಯಿತು. “ಬಾಗಿದೆಯಲ್ಲ, ಅದರ ಒಳಮಗ್ಗಲು. ಮಣ್ಣಿಂದ ಮೂರು ಬೆರಳು ಮೇಲೆ. ನನ್ ಮಗು ಹೊಟ್ಟೇಲೇ ಹೋದಾಗ ನಮ್ಮತ್ತೆ ಹೇಳಿ ಹೊಡೆಸಿದ್ ಮೊಳೆ. ನನ್ ಕೈಯಿಂದ್ಲೇ ಹೊಡ್ದಿದ್ದು. ಯಾರಾದ್ರೂ ನಗ್ಬೇಕು ಅಂದ್ರೆ ನಗ್ಲಿ.”

ಯಾರೂ ನಗಲಿಲ್ಲ. ಮುಂದಿದ್ದ ಒಬ್ಬ ವಯಸ್ಸಾದ ಹೆಂಗಸು ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಸ್ಮೃತಿ ತಲೆಯೆತ್ತಿ ಅತ್ತೆಯನ್ನು ನೋಡಿದಳು, ಎಂದೂ ನೋಡಿಲ್ಲದವಳಂತೆ.

ರಾಜೇಶ್ವರಿ ಮುನಿಲಕ್ಷ್ಮಮ್ಮನ ಪಕ್ಕಕ್ಕೆ ಬಂದು ನಿಂತಳು. ಮೊಳೆ ಸಿಗಲಿ ಬಿಡಲಿ, ಈ ಹೆಂಗಸು ಆಗಲೇ ಗೆದ್ದಾಗಿತ್ತು.

ಅವಳು ಚನ್ನವೀರೇಶರ ಎದೆಯ ಮೇಲಿದ್ದ ಹೆಸರಿನ ಬಿಲ್ಲೆಯನ್ನು ಕೇಳಿದಳು. ಅಂಗಿಗೆ ತೂತಾಗದಿರಲೆಂದು ಅದರ ಹಿಂದೆ ಪುಟ್ಟ ಅಯಸ್ಕಾಂತವಿತ್ತು. ತನ್ನದೇ ಅಯಸ್ಕಾಂತ ತಂದರೆ ಕೈಚಳಕ ಎಂದಾರು, ಇದು ತೀರ್ಪುಗಾರರದೇ. ಮುನಿಲಕ್ಷ್ಮಮ್ಮ ಮುಡಿಯಿಂದ ಮಲ್ಲಿಗೆ ದಂಡೆ ತೆಗೆದು, ಹೂ ಉದುರಿಸಿ, ನೂಲು ಕೊಟ್ಟರು. ಅಯಸ್ಕಾಂತವನ್ನು ಅದಕ್ಕೆ ಕಟ್ಟಿ ರಾಜೇಶ್ವರಿ ಚನ್ನವೀರೇಶರ ಕೈಗೇ ಕೊಟ್ಟಳು.

ಅವರು ಮೊದಲು ಕಾಂಡದ ತುದಿಯ ಬಳಿ ಹಿಡಿದರು. ನೂಲು ನೆಟ್ಟಗೆ ಇಳಿಬಿದ್ದಿತ್ತು. ಕೊಂಬೆಯೊಂದಕ್ಕೆ ಇನ್ನೂ ಸುತ್ತಿದ್ದ ತಂತಿಯ ಬಳಿ ಹಿಡಿದರು. ಅಲ್ಲಿಯೂ ಅಲುಗಲಿಲ್ಲ. ಮುರಳೀಕೃಷ್ಣ, ಸಮಯ ಹಾಳು, ಮುಂದಿನ ಗಿಡ ನೋಡಿ ಎಂದು ಗೊಣಗಿದ.

ಚನ್ನವೀರೇಶ್ ನೂಲನ್ನು ಬಾಗಿನ ಒಳಮಗ್ಗುಲಿಗೆ ತಂದರು. ಮಣ್ಣಿನಿಂದ ಮೂರು ಬೆರಳು ಮೇಲೆ.

ಅಯಸ್ಕಾಂತ ಒಮ್ಮೆ ನಡುಗಿ, ಓರೆಯಾಗಿ ಎದ್ದು, ಟಕ್ ಎಂದು ತೊಗಟೆಗೆ ಕಚ್ಚಿಕೊಂಡಿತು.

ಚಪ್ಪಾಳೆ ಮೊದಲು ಹಿಂದಿನಿಂದ ಬಂತು, ಆಮೇಲೆ ಎಲ್ಲ ಕಡೆಯಿಂದ. ಯಾರೋ ಶಿಳ್ಳೆ ಹಾಕಿದರು. ಚನ್ನವೀರೇಶ್ ಎರಡು ಸಲ, ಮೂರು ಸಲ ಎಳೆದು ಬಿಟ್ಟು ನೋಡಿದರು. ಪ್ರತಿ ಸಲವೂ ಅದೇ ಜಾಗ. ಅವರು ಮೇಜಿನ ಫಲಕವನ್ನು ಎತ್ತಿ, ಮಗುಚಿ, ಖಾಲಿ ಬೆನ್ನು ಮೇಲೆ ಮಾಡಿಟ್ಟರು. ಈ ಗಿಡ ಇಲ್ಲಿಂದ ಹೋಗುವುದಾದರೆ ಈ ತಾಯಿಯ ಜೊತೆಗೇ ಎಂದರು.

“ತಾಮ್ರಕ್ಕೆ ಅಯಸ್ಕಾಂತ ಕಚ್ಚುತ್ತಾ ಸಾರ್?” ಎಂದು ರಾಜೇಶ್ವರಿ ಮುರಳೀಕೃಷ್ಣನನ್ನು ಕೇಳಿದಳು. ಮೆಲ್ಲಗೆ ಕೇಳಿದಳು. ಗೆದ್ದಾಗ ಕೂಗುವುದು ಅವಳಿಗೆ ಒಗ್ಗದು, ಆದರೂ ಆ ಪ್ರಶ್ನೆಯ ರುಚಿಯನ್ನು ನಾಲಿಗೆಯ ಮೇಲೆ ಒಂದು ಕ್ಷಣ ಇಟ್ಟುಕೊಂಡಳು.

ಅವನು ಫಲಕದ ಖಾಲಿ ಬೆನ್ನನ್ನು ನೋಡಿದ. ಬೀಜದ ಕಥೆ ಸುಳ್ಳು ಎಂದು ಒಪ್ಪಿಕೊಂಡ. ಗಿಡದ ಮೇಲೆ ಆಸೆಯಿತ್ತು, ತರಗತಿಗೆ ತಂದ ದಿನದಿಂದಲೂ ಇತ್ತು, ಅದೂ ನಿಜ ಎಂದ. ಆಮೇಲೆ, ಗದ್ದಲದಲ್ಲಿ ರಾಜೇಶ್ವರಿಗೆ ಮಾತ್ರ ಕೇಳುವಂತೆ ಹತ್ತಿರ ಬಂದ.

“ಅವರ ಮನೆ ಮೆಟ್ಲು ನಾನು ಯಾವತ್ತೂ ಹತ್ತಿಲ್ಲ ಮೇಡಂ. ಗಿಡಾನೇ ನಮ್ಮನೆ ಗೇಟಿಗೆ ಬಂತು. ತಂದುಕೊಟ್ಟೋರು, ಯಾರಿಗೂ ಹೇಳ್ಬೇಡಿ, ವಾಪಸ್ ಮಾತ್ರ ಕೊಡ್ಬೇಡಿ ಅಂದ್ರು.”

ಯಾರು ಎಂದು ಕೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮುನಿಲಕ್ಷ್ಮಮ್ಮ ನಕ್ಕ ಸದ್ದು ಕೇಳಿಸಿತು, ತುಂಬಿದ ನಗು. ನೂಲನ್ನು ಚನ್ನವೀರೇಶರಿಂದ ಇಸಿದುಕೊಂಡು ತಾವೇ ಗಿಡದ ಸುತ್ತ ಆಡಿಸುತ್ತಿದ್ದರು, ಸುತ್ತಲಿನ ಹೆಂಗಸರಿಗೆಲ್ಲ ತೋರಿಸುತ್ತ, ನೋಡಿ ಇಲ್ಲಿ, ನೋಡಿ ಇಲ್ಲಿ ಎನ್ನುತ್ತ. ಬಾಗಿನಿಂದ ಕೆಳಗೆ, ಕಾಂಡದ ಹಿಂಬದಿಗೆ, ಬೇರು ಕವಲೊಡೆಯುವಲ್ಲಿಗೆ ಅಯಸ್ಕಾಂತ ಇಳಿಯಿತು.

ಟಕ್.

ಮುನಿಲಕ್ಷ್ಮಮ್ಮನ ನಗು ಅರ್ಧಕ್ಕೆ ನಿಂತಿತು. ಎಳೆದು ಬಿಟ್ಟರು. ಮತ್ತೆ ಅದೇ ಸದ್ದು, ಅದೇ ಜಾಗ.

ಚನ್ನವೀರೇಶ್ ಬಗ್ಗಿ, ಹಾಸಿದ್ದ ಪಾಚಿಯನ್ನು ಬೆರಳಿನಿಂದ ಸರಿಸಿ, ಬೇರಿನ ಸಂದಿಯ ಮಣ್ಣನ್ನು ಉಗುರಿನಿಂದ ಕೆರೆದರು. ಸಣ್ಣದೊಂದು ಮೊಳೆಯ ತಲೆ ಕಂಡಿತು. ತೊಗಟೆ ಅದನ್ನು ಇನ್ನೂ ಮುಚ್ಚಿರಲಿಲ್ಲ. ತುಕ್ಕು ಅಂಚಿಗಷ್ಟೇ ಹತ್ತಿತ್ತು. ಒಂದು ವರ್ಷದ್ದು, ಅದಕ್ಕಿಂತ ಹಳೆಯದಲ್ಲ ಎಂದರು.

“ನಾನು ಹೊಡ್ದಿದ್ದು ಒಂದೇ,” ಎಂದರು ಮುನಿಲಕ್ಷ್ಮಮ್ಮ.

ರಾಜೇಶ್ವರಿ ಮುರಳೀಕೃಷ್ಣನ ಮುಖ ನೋಡಿದಳು. ಅಲ್ಲಿ ಅಚ್ಚರಿ ಬಿಟ್ಟರೆ ಬೇರೇನೂ ಇರಲಿಲ್ಲ, ಅದು ನಟನೆಯಲ್ಲ. ಒಂದು ವರ್ಷದ ಹಿಂದೆ ಈ ಗಿಡ ಇದ್ದದ್ದು ಶ್ರೀಗಂಧದ ಕಾವಲಿನ ಮಹಡಿಯ ಮೇಲೆ.

ಅವಳು ಮೇಜಿನ ತುದಿಯ ಕಡೆ ತಿರುಗಿದಳು. ಸ್ಮೃತಿ ಅಳುತ್ತಿರಲಿಲ್ಲ. ಒಳಗಿರುವುದನ್ನು ಕಾಯುವವಳಂತೆ ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಹೆಣೆದುಕೊಂಡು, ಆ ಹೊಸ ಮೊಳೆಯನ್ನೇ ನೋಡುತ್ತ ನಿಂತಿದ್ದಳು.

“ಅತ್ತೆ,” ಎಂದಳು. “ಗಿಡ ನಿಮ್ದೇ, ಎಲ್ರೂ ನೋಡಾಯ್ತು. ಈ ಮೊಳೆ ಹೊಡ್ದಿದ್ದು ನಾನು. ಆದ್ರೆ ನಿಮ್ ದಮ್ಮಯ್ಯ, ಅದನ್ನ ಮನೆಗೆ ಮಾತ್ರ ತರ್ಬೇಡಿ.”